ನಕಾಶೆಯಲ್ಲಿ ನಮ್ಮ ಕೇರಿ

ಗೆಳೆಯರೇ, ಸೊಲ್ಲಾಪುರದ ಹಳೇ ನಕಾಶೆ ಎಂದಾದರೂ ಬಿಡಿಸಿ ನೋಡಿದ್ದೀರಾ? ಭುಯಿಕೋಟ ಕಿಲ್ಲೆ, ಸಿದ್ಧೇಶ್ವರ ಕೆರೆ, ರೈಲು ಹಳಿ ಎಲ್ಲ ಎದ್ದು ಕಾಣ್ತಾವ. 1877ರಲ್ಲಿ ಇಲ್ಲಿ ಶುರುವಾದ ಮೊದಲ ಬಟ್ಟೆ ಗಿರಣಿಯೂ ಆಮೇಲಿನ ನಕಾಶೆಗಳಲ್ಲಿ ಸಿಗ್ತದ. ನಮ್ಮ ಕೇರಿ? ಸಿಕ್ಕರೆ, ಊರಂಚಿಗೆ ಬರೇ ಒಂದು ಜಾತಿಯ ಹೆಸರು.

ವಿಚಾರ ಮಾಡ್ರಿ. ಹಳ್ಳಿಹಳ್ಳಿಗಳಲ್ಲಿ ಗಡಿಗಲ್ಲು ಕಾಯೋದು, ಗಡಿ ಜಗಳ ಬಂದಾಗ ನಡೆದು ತೋರಿಸೋದು ಮಹಾರ ವತನದಾರರ ಕೆಲಸ ಆಗಿತ್ತು. ಊರಿನ ಗಡಿ ಬಲ್ಲವರನ್ನೇ ಊರ ಹೊರಗಿಟ್ಟರು.

ನಕಾಶೆ ಹೇಳದ್ದನ್ನ ಬೇರೆ ಕಾಗದ ಹೇಳ್ತಾವ. 1884ರ ಸೊಲ್ಲಾಪುರ ಗ್ಯಾಜೆಟಿಯರಿನಲ್ಲಿ ನಮ್ಮ ಜಾತಿಗಳ ಕಸುಬು ಬರೆದಾರ. ವತನದ ಚಾಕರಿಯಿಂದ ನಮ್ಮವರನ್ನು ಬಿಡಿಸಲು ಬಾಬಾಸಾಹೇಬರು 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಸೂದೆ ಮಂಡಿಸಿದರು. ಆ ವತನಗಳು ರದ್ದಾಗಲು 1958ರ ಕಾಯ್ದೆಯೇ ಬರಬೇಕಾಯಿತು.

2020ರ ಡಿಸೆಂಬರಿನಲ್ಲಿ ಮಹಾರಾಷ್ಟ್ರ ಸರ್ಕಾರ ವಸ್ತಿಗಳ ಜಾತಿ ಹೆಸರು ತೆಗೆಯಲು ತೀರ್ಮಾನಿಸಿತು. ಆಗಬೇಕಾದ್ದೇ. ಅವಮಾನದ ಹೆಸರು ಬೋರ್ಡಿನ ಮೇಲೆ ಇರಬಾರದು. ಆದರೆ ಹಳೇ ದಫ್ತರದಾಗ ನಮ್ಮ ಅಜ್ಜ, ಮುತ್ತಜ್ಜರು ಸಿಗೋದು ಆ ಹೆಸರಿನ ಕೆಳಗೇ. ಅದನ್ನ ಪೂರ್ತಿ ಮರೆತರೆ ಹುಡುಕುವ ಹಾದಿಯೇ ಮುಚ್ಚತದ.

ಅದಕ್ಕೇ ಸಂಘದಿಂದ ಒಂದು ವಹಿ ಇಡೋಣ. ಓಣಿಯ ಹೊಸ ಹೆಸರು, ಪಕ್ಕದಲ್ಲಿ ಹಳೇ ಹೆಸರು, ನೀರು ತಂದ ಬಾವಿ, ಗಿರಣಿಗೆ ನಡೆದ ಹಾದಿ ಬರೆಯೋಣ. ಮನೆಯ ಹಿರಿಯರು ಇದ್ದಾಗಲೇ ಕೇಳ್ರಿ. ಬೋರ್ಡಿನಿಂದ ಅಳಿಸೋಣ, ವಹಿಯಿಂದ ಬೇಡ.

ಜೈ ಭೀಮ್.