ರವಿವರ್ಮನ ಬೆನ್ನ ಹಿಂದಿನ ಬೆಟ್ಟ

ವಡೋದರದ ಅಲ್ಕಾಪುರಿಯಿಂದ ತುಸು ದೂರದಲ್ಲಿರುವ ಫತೇಸಿಂಗ್ ಮ್ಯೂಸಿಯಂನಲ್ಲಿ ರವಿವರ್ಮನ ಚಿತ್ರಗಳ ಮುಂದೆ ನಿಂತವರು ಮುಖ, ಸೀರೆ, ಒಡವೆ ನೋಡುತ್ತಾರೆ. ಹಿಂದಿನ ಬೆಟ್ಟ, ನೀರು, ಮುಗಿಲನ್ನು ಯಾರೂ ಕೇಳುವುದಿಲ್ಲ. ಅಂಥ ಹಿನ್ನೆಲೆಗಳಲ್ಲಿ ಎಷ್ಟೋ ತಮ್ಮ ರಾಜರಾಜವರ್ಮನ ಕೈಯವು.

1888ರಲ್ಲಿ ಸಯಾಜಿರಾವ್ ಗಾಯಕವಾಡರು 14 ಪುರಾಣಚಿತ್ರ ಬರೆಯಲು ಹೇಳಿದಾಗ ಉಡುಗೆತೊಡುಗೆ ನೋಡಲೆಂದು ಅಣ್ಣತಮ್ಮಂದಿರು ಉತ್ತರ ಭಾರತ ಸುತ್ತಿದರು. ಭಾವಚಿತ್ರಗಳಿಗೆ ಫೋಟೋ ನೆರವಿತ್ತು. ತೀರಿಕೊಂಡವರದಾದರೆ ಬಹುಮಟ್ಟಿಗೆ ಅದೇ ಆಧಾರ. ಆದರೆ ಆಗಿನ ಫೋಟೋದಲ್ಲಿ ಬಣ್ಣವೆಲ್ಲಿ? ಮೈಬಣ್ಣವನ್ನಾದರೂ ಕೇಳಿ ತಿಳಿಯಬಹುದು, ಸಂಜೆಯ ಮುಗಿಲನ್ನಲ್ಲ. ಅದಕ್ಕೆ ಬಯಲಲ್ಲಿ ಪಳಗಿದ ಕಣ್ಣು ಬೇಕು. ನಿಸರ್ಗಚಿತ್ರಕಾರನಾದ ತಮ್ಮನಿಗೆ ಅದಿತ್ತು.

ಮುಂದೆ ಮೈಸೂರು ಅರಮನೆಯ ಕೆಲಸ ಒಪ್ಪಿಕೊಂಡಿದ್ದಾಗಲೇ, 1905ರ ಜನವರಿಯಲ್ಲಿ, ರಾಜರಾಜವರ್ಮ ತೀರಿಕೊಂಡ. ಈಗ ಜಗನ್ಮೋಹನ ಅರಮನೆಯಲ್ಲಿರುವ ಆ ಚಿತ್ರಗಳನ್ನು ಅಣ್ಣ ಒಬ್ಬನೇ ಮುಗಿಸಬೇಕಾಯಿತು.