ಜಾಹೀರಾತಿನ ಹೆಸರು, ನಿವಾಸಿಗಳ ಹಕ್ಕೊತ್ತಾಯ: ‘ಉದ್ಯಾನನಗರಿ’ ಬೆಂಗಳೂರನ್ನು ಕುರಿತ ಒಂದು ಮರುಚಿಂತನೆ

ನಗರಕ್ಕೊಂದು ಬಿರುದು ಕೊಟ್ಟು, ಲಾಂಛನ ಬರೆಸಿ, ಪ್ರವಾಸಿಗರನ್ನೂ ಬಂಡವಾಳವನ್ನೂ ಕರೆಯುವ ಕ್ರಮದ ಬಗ್ಗೆ ಕಳೆದ ಮೂರು ದಶಕಗಳಲ್ಲಿ ದೊಡ್ಡ ಸಾಹಿತ್ಯವೇ ಬೆಳೆದಿದೆ. ಅದರಲ್ಲಿ ನಿವಾಸಿಗಳ ಪಾತ್ರವನ್ನು ನೇರವಾಗಿ ವಿಚಾರಿಸಿದ ಬರಹಗಳಲ್ಲಿ ಎರಿಕ್ ಬ್ರೌನ್, ಮಿಹಾಲಿಸ್ ಕವಾರಾಟ್ಜಿಸ್ ಮತ್ತು ಸೆಬಾಸ್ಟಿಯನ್ ಝೆಂಕರ್ 2013ರಲ್ಲಿ ಪ್ರಕಟಿಸಿದ ಪ್ರಬಂಧ ಮುಖ್ಯವಾದುದು. ಅವರು ನಿವಾಸಿಗಳಿಗೆ ಮೂರು ಪಾತ್ರಗಳನ್ನು ಗುರುತಿಸುತ್ತಾರೆ. ನಿವಾಸಿಗಳು ತಮ್ಮ ನಡೆನುಡಿಯ ಮೂಲಕ ನಗರದ ಚಿತ್ರದ ಭಾಗವೇ ಆಗಿರುತ್ತಾರೆ. ಹೊರಗಿನವರ ಮುಂದೆ ಅದರ ರಾಯಭಾರಿಗಳಾಗುತ್ತಾರೆ. ಮತದಾರರಾಗಿ ಇಡೀ ಪ್ರಚಾರಕ್ಕೆ ರಾಜಕೀಯ ಮನ್ನಣೆ ಕೊಡುತ್ತಾರೆ ಅಥವಾ ನಿರಾಕರಿಸುತ್ತಾರೆ. ಬೆಂಗಳೂರಿನ ಉದಾಹರಣೆಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಮೂರರೊಳಗೆ ಅಡಗದ ನಾಲ್ಕನೆಯ ಪಾತ್ರವೊಂದು ಕಾಣುತ್ತದೆ. ಜಾಹೀರಾತನ್ನು ಸರ್ಕಾರ ಕೊಟ್ಟ ಮಾತೆಂದು ಬಗೆದು, ಆ ಮಾತನ್ನು ಉಳಿಸಿಕೊಳ್ಳಿ ಎಂದು ಸರ್ಕಾರವನ್ನೇ ಕೇಳುವ ನಿವಾಸಿಯ ಪಾತ್ರ ಅದು. ಈ ಲೇಖನದ ವಾದ ಅಷ್ಟೇ. ಆದರೆ ಎಲ್ಲ ಬಿರುದುಗಳೂ ಹೀಗೆ ಹಕ್ಕೊತ್ತಾಯವಾಗಿ ಮಾರ್ಪಡುವುದಿಲ್ಲ. ಏಕೆ ಎಂಬುದೇ ಇಲ್ಲಿನ ನಿಜವಾದ ಸಮಸ್ಯೆ.

ಈವರೆಗಿನ ಅಧ್ಯಯನಗಳಲ್ಲಿ ಒಮ್ಮತವಿರುವ ಸಂಗತಿಗಳನ್ನು ಬೇಗ ಹೇಳಿ ಮುಗಿಸಬಹುದು. ನಗರದ ಚಿತ್ರ ರೂಪುಗೊಳ್ಳುವುದು ಕೇವಲ ಪ್ರಚಾರದಿಂದಲ್ಲ. ರಸ್ತೆ, ಕಟ್ಟಡ, ಆಡಳಿತದ ನಡೆಗಳಿಂದ ಮೊದಲು, ಪ್ರಚಾರದಿಂದ ಆಮೇಲೆ, ಬಾಯಿಂದ ಬಾಯಿಗೆ ಹಬ್ಬುವ ಮಾತಿನಿಂದ ಕೊನೆಗೆ ಎಂಬ ಕವಾರಾಟ್ಜಿಸ್ ಅವರ 2004ರ ವಿಂಗಡಣೆಯನ್ನು ಬಹುತೇಕ ಎಲ್ಲರೂ ಒಪ್ಪಿದ್ದಾರೆ. 1970ರ ದಶಕದ ಹಣಕಾಸಿನ ಬಿಕ್ಕಟ್ಟಿನಲ್ಲಿ ನ್ಯೂಯಾರ್ಕ್ ತನ್ನನ್ನು ಹೇಗೆ ಮಾರಿಕೊಂಡಿತು ಎಂಬುದನ್ನು ಮಿರಿಯಂ ಗ್ರೀನ್‌ಬರ್ಗ್ 2008ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಬೆಂಗಳೂರಿನ ಮಟ್ಟಿಗೆ ಜಾನಕಿ ನಾಯರ್ (2005), ಜೇಮ್ಸ್ ಹೈಟ್ಜ್‌ಮನ್ (2004), ಸ್ಮೃತಿ ಶ್ರೀನಿವಾಸ್ (2001), ಹರಿಣಿ ನಾಗೇಂದ್ರ (2016) ಅವರ ಗ್ರಂಥಗಳು ದಾರಿದೀಪಗಳು. ಸಿಂಗಪುರದಂತಾಗುವ ಕನಸು, ಮಾಹಿತಿ ತಂತ್ರಜ್ಞಾನದ ನಗರವೆಂಬ ಹೊಸ ರೂಪ, ಕರಗದ ನಗರವೆಂಬ ಹಳೆಯ ಸ್ಮೃತಿ, ಕೆರೆ-ಮರಗಳ ಚರಿತ್ರೆ ಇವೆಲ್ಲವೂ ಅಲ್ಲಿ ಬಂದಿವೆ.

ಭಿನ್ನಾಭಿಪ್ರಾಯ ಶುರುವಾಗುವುದು ಈ ಹೆಸರುಗಳನ್ನು ನಿವಾಸಿಗಳು ಹೇಗೆ ನೋಡಿದರು ಎಂಬಲ್ಲಿ. ‘ಉದ್ಯಾನನಗರಿ’ ಎಂಬುದು ಮೇಲ್ವರ್ಗದ ಹಳಹಳಿಕೆ ಮಾತ್ರ, ದಂಡುಪ್ರದೇಶದ ಬಂಗಲೆಗಳ ನೆನಪು ಮಾತ್ರ ಎಂಬ ಅಭಿಪ್ರಾಯ ವಿದ್ವತ್ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಅದರಲ್ಲಿ ಸತ್ಯಾಂಶವಿದೆ, ಅದನ್ನು ಮುಂದೆ ಒಪ್ಪಿಕೊಳ್ಳುತ್ತೇನೆ. ಆದರೆ ಆ ಹೆಸರಿನ ಬೆನ್ನಿಗೆ ಇರುವ ದುಡಿಮೆಯನ್ನೂ ಕಾನೂನನ್ನೂ ಈ ಅಭಿಪ್ರಾಯ ಗಮನಕ್ಕೇ ತಂದುಕೊಳ್ಳುವುದಿಲ್ಲ.

ಹೈದರ್ ಅಲಿ 1760ರಲ್ಲಿ ಲಾಲ್‌ಬಾಗಿಗೆ ನಾಂದಿ ಹಾಡಿದ. ಕಬ್ಬನ್ ಪಾರ್ಕ್ 1870ರಲ್ಲಿ ರೂಪುಗೊಂಡಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ವರ್ಷದ ಯಾವ ತಿಂಗಳಲ್ಲಾದರೂ ಒಂದಲ್ಲ ಒಂದು ಸಾಲುಮರ ಹೂಬಿಟ್ಟಿರುವಂತೆ ರಸ್ತೆಗಳಿಗೆ ಮರಗಳನ್ನು ಆರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಇವು ಬಂಗಲೆಯ ಕಾಂಪೌಂಡಿನೊಳಗೆ ನೆಟ್ಟ ಸಸಿಗಳಲ್ಲ. ಹೊಸ ಬಡಾವಣೆಗಳ ರಸ್ತೆಬದಿಯಲ್ಲಿ ನೆಟ್ಟು, ದನಗಳಿಂದ ಕಾಪಾಡಿ ಬೆಳೆಸಿದಂಥವು. ಕವಾರಾಟ್ಜಿಸ್ ಅವರ ವಿಂಗಡಣೆಯಲ್ಲೇ ಹೇಳುವುದಾದರೆ, ಇಲ್ಲಿ ನಗರದ ಕಾರ್ಯ ಮೊದಲು ನಡೆದಿದೆ, ಪ್ರಚಾರ ಅದರ ಹಿಂದೆ ಬಂದಿದೆ. ಪ್ರವಾಸೋದ್ಯಮದ ಕರಪತ್ರಗಳು ಬಳಸಿಕೊಂಡದ್ದು ಆಗಲೇ ನೆರಳು ಕೊಡುತ್ತಿದ್ದ ಮರಗಳನ್ನು.

‘ಭಾರತದ ಸಿಲಿಕಾನ್ ಕಣಿವೆ’ ಎಂಬ ಇನ್ನೊಂದು ಬಿರುದಿನ ಹುಟ್ಟು ಬೇರೆ ಬಗೆಯದು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ನೆಲೆಯೂರಿತು. 1997ರಲ್ಲಿ ರಾಜ್ಯ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. 1998ರಿಂದ ವಾರ್ಷಿಕ ಐಟಿ ಮೇಳ ಆರಂಭವಾಯಿತು. 1999ರ ನಂತರ ಎಸ್. ಎಂ. ಕೃಷ್ಣ ಅವರ ಸರ್ಕಾರ ಬೆಂಗಳೂರು ಅಜೆಂಡಾ ಕಾರ್ಯಪಡೆಯನ್ನು ರಚಿಸಿ, ನಗರಾಡಳಿತವನ್ನೇ ಕಂಪನಿಗಳ ಕಾರ್ಯವೈಖರಿಯಲ್ಲಿ ಮರುರೂಪಿಸಲು ಹೊರಟಿತು. ಈ ಬಿರುದು ಬೆಂಗಳೂರಿಗೆ ಸಂಪತ್ತನ್ನೂ ಲಕ್ಷಾಂತರ ಉದ್ಯೋಗಗಳನ್ನೂ ತಂದಿತು. ಅದನ್ನು ಕಡಿಮೆ ಮಾಡಿ ಹೇಳುವ ಉದ್ದೇಶ ನನಗಿಲ್ಲ.

ಈಗ ಎರಡನ್ನೂ ಪರೀಕ್ಷೆಗೆ ಒಡ್ಡೋಣ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ, 1,791 ಕೋಟಿ ರೂಪಾಯಿ ವೆಚ್ಚದ ಉಕ್ಕಿನ ಮೇಲ್ಸೇತುವೆಯ ಯೋಜನೆ ಸಿದ್ಧವಾಯಿತು. ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಅನುಕೂಲವಾಗುವ, ಜಾಗತಿಕ ನಗರವೆಂಬ ಚಿತ್ರಕ್ಕೆ ಹೊಂದುವ ಯೋಜನೆ ಅದು. ಅದಕ್ಕಾಗಿ 812 ಮರಗಳನ್ನು ಕಡಿಯಬೇಕಾಗುತ್ತದೆ ಎಂಬ ಲೆಕ್ಕ ಹೊರಬಂತು. ಅಕ್ಟೋಬರ್ 16ರ ಭಾನುವಾರ ಸಾವಿರಾರು ಜನ ಆ ಮಾರ್ಗದುದ್ದಕ್ಕೂ ಮಾನವ ಸರಪಳಿ ಕಟ್ಟಿ ‘ಬೇಡ’ ಎಂದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಕಾಮಗಾರಿಗೆ ತಾತ್ಕಾಲಿಕ ತಡೆ ನೀಡಿತು. 2017ರ ಮಾರ್ಚ್ ತಿಂಗಳಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಭ್ರಷ್ಟಾಚಾರದ ಆರೋಪ, ವೆಚ್ಚ, ಅಪಾರದರ್ಶಕತೆ ಇವೂ ವಿರೋಧದ ಕಾರಣಗಳಾಗಿದ್ದವು. ಆದರೂ ಚಳವಳಿಯನ್ನು ಬೀದಿಗೆ ತಂದ ಅಂಕಿ 812. ಕೋಟಿ ರೂಪಾಯಿಗಳ ಅಂದಾಜನ್ನು ಪರಿಶೀಲಿಸಲು ಲೆಕ್ಕಪರಿಶೋಧಕ ಬೇಕು. ಆ ಮಾರ್ಗದ ಬಳ್ಳಾರಿ ರಸ್ತೆಯ ಮರವನ್ನು ಎಣಿಸಲು ಬಸ್ಸಿಗೆ ಕಾಯುತ್ತಾ ನಿಂತವನಿಗೂ ಆಗುತ್ತದೆ.

ಈ ಹಕ್ಕೊತ್ತಾಯಕ್ಕೆ ಕಾನೂನಿನ ಬುನಾದಿಯೂ ಇದೆ. ಬೆಂಗಳೂರಿನ ಬ್ರ್ಯಾಂಡಿನ ಚರ್ಚೆಯಲ್ಲಿ ಇದಕ್ಕೆ ತಕ್ಕ ಗಮನ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳನ್ನು ರಕ್ಷಿಸುವ ಕರ್ನಾಟಕ ಸರ್ಕಾರಿ ಉದ್ಯಾನಗಳ (ಸಂರಕ್ಷಣೆ) ಅಧಿನಿಯಮ 1975ರದು. ಮರ ಸಂರಕ್ಷಣಾ ಅಧಿನಿಯಮ 1976ರದು. ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳನ್ನು ಕುರಿತ ಅಧಿನಿಯಮ 1985ರದು. ಮರ ಸಂರಕ್ಷಣಾ ಅಧಿನಿಯಮಕ್ಕೆ ಆಮೇಲೆ ಆದ ತಿದ್ದುಪಡಿಯ ಪ್ರಕಾರ, 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾಪವಿದ್ದರೆ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಇಂಥ ಪ್ರಕಟಣೆಯ ಪರಿಣಾಮವನ್ನು ಹತ್ತಿರದಿಂದ ನೋಡಬೇಕು. ಕಾಂಡದ ಮೇಲೆ ಬಣ್ಣದಲ್ಲಿ ಬರೆದ ಕ್ರಮಸಂಖ್ಯೆ ಒಂದು ದಿನ ಕಾಣಿಸಿಕೊಳ್ಳುತ್ತದೆ. ತನ್ನ ಮನೆಯೆದುರಿನ ಮಳೆಮರವೋ ಹೊಂಗೆಯೋ ಕಡತದಲ್ಲೊಂದು ಸಾಲಾಗಿದೆ ಎಂದು ಆ ರಸ್ತೆಯವನಿಗೆ ಗೊತ್ತಾಗುವುದು ಆಗಲೇ. ಅವನು ಬರೆಯುವ ಆಕ್ಷೇಪಣೆಗೆ ಸ್ವೀಕೃತಿ ಸಿಗುತ್ತದೆ, ಅಧಿಕಾರಿ ಅದನ್ನು ಪರಿಗಣಿಸಬೇಕಾಗುತ್ತದೆ, ಪರಿಗಣಿಸದಿದ್ದರೆ ಅದೇ ಕಾಗದ ಹೈಕೋರ್ಟಿನಲ್ಲಿ ಆಧಾರವಾಗುತ್ತದೆ. 1998ರಲ್ಲಿ ಕಬ್ಬನ್ ಪಾರ್ಕಿನ ಒಂದು ಭಾಗವನ್ನು ಅದರ ಎಲ್ಲೆಯಿಂದ ಹೊರಗಿಡಲು ಸರ್ಕಾರ ಹೊರಟಾಗ ಜನರು ಪ್ರತಿಭಟಿಸಿ ನ್ಯಾಯಾಲಯದ ಮೆಟ್ಟಿಲೇರಿದ್ದೂ ಇಂಥದೇ ಕಾನೂನಿನ ಆಧಾರದ ಮೇಲೆ.

ಸಿಲಿಕಾನ್ ಕಣಿವೆಯ ಬಿರುದಿಗೆ ಇಂಥ ಹಿಡಿಕೆ ಇಲ್ಲ. ಆ ಬಿರುದನ್ನು ಹಿಡಿದು ಸರ್ಕಾರವನ್ನು ಪ್ರಶ್ನಿಸಿದವರು ಇಲ್ಲವೆಂದಲ್ಲ. 2022ರ ಆಗಸ್ಟ್ 30ರ ಮಳೆಗೆ ಹೊರ ವರ್ತುಲ ರಸ್ತೆ ಮುಳುಗಿದ ಮೇಲೆ ಅಲ್ಲಿನ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆದು, ಒಂದೇ ದಿನದಲ್ಲಿ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೇಳಿತು. ನನ್ನ ವಾದಕ್ಕೆ ಇದು ಮೇಲ್ನೋಟಕ್ಕೆ ಪ್ರತಿಸಾಕ್ಷ್ಯ. ಆದರೆ ಪತ್ರ ಬರೆದವರು ಯಾರು ಎಂಬುದನ್ನು ನೋಡಿ. ಕಂಪನಿಯ ಬಲ ಇರುವುದು ಬೇರೆ ಊರಿಗೆ ಹೋಗಬಲ್ಲೆ ಎಂಬಲ್ಲಿ. ನೆರೆರಾಜ್ಯದ ಮಂತ್ರಿಗಳು ಹೈದರಾಬಾದಿಗೆ ಬನ್ನಿ ಎಂದು ಬಹಿರಂಗವಾಗಿಯೇ ಕರೆದದ್ದುಂಟು. ಅದೇ ನೀರು ಬೆಳ್ಳಂದೂರು, ವರ್ತೂರುಗಳ ಬಾಡಿಗೆ ಮನೆಗೂ ನುಗ್ಗಿತು. ಅಲ್ಲಿನ ಬಾಡಿಗೆದಾರನಿಗೆ ಊರು ಬಿಡುವ ಬೆದರಿಕೆ ಹಾಕಲು ಬರುವುದಿಲ್ಲ. ತನ್ನ ಊರು ತಂತ್ರಜ್ಞಾನದ ರಾಜಧಾನಿ ಎಂಬ ಕಾರಣಕ್ಕೆ ಅವನಿಗೆ ಏನು ದಕ್ಕಬೇಕು ಎಂದು ಯಾವ ಅಧಿನಿಯಮವೂ ಹೇಳುವುದಿಲ್ಲ.

ಹೀಗಾಗಿ ನನ್ನ ಪ್ರತಿಪಾದನೆಯನ್ನು ಎಚ್ಚರದಿಂದ ಹೀಗೆ ಮುಂದಿಡಬಹುದು. ನಗರದ ಜಾಹೀರಾತು ಎಲ್ಲರಿಗೂ ಸಮಾನವಾಗಿ ಸಲ್ಲುವ, ಕಣ್ಣಿಗೆ ಕಾಣುವ, ಕಳೆದುಹೋಗಬಲ್ಲ ಒಂದು ವಸ್ತುವಿನ ಮೇಲೆ ನಿಂತಿದ್ದು, ಆ ವಸ್ತುವಿಗೆ ಕಾನೂನಿನ ರಕ್ಷಣೆಯೂ ಇದ್ದಾಗ, ನಿವಾಸಿಗಳು ಆ ಜಾಹೀರಾತನ್ನು ಹಕ್ಕೊತ್ತಾಯವಾಗಿ ಮಾಡಿಕೊಳ್ಳುವ ಸಾಧ್ಯತೆ ಹೆಚ್ಚು. ಸಾಧ್ಯತೆ ಎಂದೇ ಹೇಳುತ್ತಿದ್ದೇನೆ. ಬಿರುದಿಲ್ಲದೆಯೂ ಹಕ್ಕೊತ್ತಾಯ ಹುಟ್ಟುತ್ತದೆ. ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಡುವುದರ ವಿರುದ್ಧ ನಡೆದ ಮೊಕದ್ದಮೆಗಳು, ಉಪನಗರ ರೈಲಿಗಾಗಿ ನಡೆದ ‘ಚುಕುಬುಕು ಬೇಕು’ ಚಳವಳಿ ಅದಕ್ಕೆ ನಿದರ್ಶನ. ಆದ್ದರಿಂದ ಬಿರುದು ಹಕ್ಕೊತ್ತಾಯಕ್ಕೆ ಕಾರಣ ಎನ್ನಲಾರೆ, ಅದರ ದಾರಿಯನ್ನು ಹತ್ತಿರ ಮಾಡುತ್ತದೆ ಎನ್ನಬಲ್ಲೆ. ಕೆರೆಯ ಪರವಾಗಿ ಹೋರಾಡುವವರು ಅದು ಕೆರೆಯೇ ಹೌದು ಎಂದು ಕಂದಾಯ ದಾಖಲೆಗಳಿಂದ ಮೊದಲು ರುಜುವಾತು ಮಾಡಬೇಕಾಗಿ ಬರುತ್ತದೆ. ಮರದ ಪರವಾಗಿ ನಿಂತವರಿಗೆ ಆ ಮೊದಲ ಹೆಜ್ಜೆಯನ್ನು ಸರ್ಕಾರದ ಪ್ರಚಾರವೇ ನಡೆದುಕೊಟ್ಟಿರುತ್ತದೆ.

ಬ್ರೌನ್ ಮತ್ತು ಸಂಗಡಿಗರ ಮೂರನೆಯ ಪಾತ್ರ ಇದಕ್ಕೆ ಹತ್ತಿರವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಹತ್ತಿರವಿದೆ, ಆದರೆ ಅದು ಪ್ರಚಾರಕ್ಕೆ ಒಪ್ಪಿಗೆಯೋ ನಿರಾಕರಣೆಯೋ ಎಂಬಲ್ಲಿಗೆ ನಿಲ್ಲುತ್ತದೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದದ್ದು ಅಂಥ ನಿರಾಕರಣೆ. ಅಲ್ಲಿ 2004ರಲ್ಲಿ ಶುರುವಾದ ನಗರ ಪ್ರಚಾರದ ಘೋಷವಾಕ್ಯದ ದೊಡ್ಡಕ್ಷರಗಳನ್ನು ನಗರಸಭೆಯ ತೀರ್ಮಾನದಂತೆ 2018ರ ಡಿಸೆಂಬರಿನಲ್ಲಿ ಮ್ಯೂಸಿಯಂ ಚೌಕದಿಂದ ತೆಗೆಸಲಾಯಿತು. ಬೆಂಗಳೂರಿನ ನಿವಾಸಿ ಉದ್ಯಾನನಗರಿಯ ಫಲಕವನ್ನು ಕಿತ್ತುಹಾಕಲಿಲ್ಲ, ಅದನ್ನೇ ಎತ್ತಿಹಿಡಿದು ಕೇಳಿದ. 2017ರ ಡಿಸೆಂಬರಿನಲ್ಲಿ ವಿಧಾನಸೌಧದ ಮುಂದೆ ಬಿಡುಗಡೆಯಾದ ನಗರ ಲಾಂಛನ ಇಂಥ ಯಾವ ಬಳಕೆಗೂ ಬಂದದ್ದು ಕಾಣುವುದಿಲ್ಲ. ಅದು ಕೊಟ್ಟ ಮಾತು ಯಾವುದು ಎಂಬುದೇ ಸ್ಪಷ್ಟವಿರಲಿಲ್ಲ. 2023ರ ‘ಬ್ರ್ಯಾಂಡ್ ಬೆಂಗಳೂರು’ ಅಭಿಯಾನ ಬೇರೆ ದಾರಿ ಹಿಡಿದು ಜನರಿಂದ ಸುಮಾರು 70,000 ಸಲಹೆಗಳನ್ನು ಪಡೆಯಿತು. ಹಸಿರು ಬೆಂಗಳೂರು, ಟೆಕ್ ಬೆಂಗಳೂರು ಎಂಬ ಶೀರ್ಷಿಕೆಗಳು ಅದರಲ್ಲಿ ಅಕ್ಕಪಕ್ಕ ಬಂದವು. ಎರಡು ವರ್ಷ ಕಳೆದು, ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಲಾಲ್‌ಬಾಗಿನ ನೆಲ ಬಳಸುವ ಪ್ರಸ್ತಾಪ ಹೊರಬಿದ್ದಾಗ ಅದೇ ಸರ್ಕಾರದ ಎದುರು ವಿರೋಧ ಎದ್ದಿತು.

ಇನ್ನು ಮೇಲ್ವರ್ಗದ ಹಳಹಳಿಕೆ ಎಂಬ ಆಕ್ಷೇಪ. ಮಾನವ ಸರಪಳಿಯಲ್ಲಿ ನಿಂತವರಲ್ಲಿ, ಆಕ್ಷೇಪಣೆ ಬರೆದವರಲ್ಲಿ ವಿದ್ಯಾವಂತ ಮಧ್ಯಮವರ್ಗದವರೇ ಹೆಚ್ಚು ಎಂಬುದನ್ನು ಅಲ್ಲಗಳೆಯಲಾಗದು. ಇದಕ್ಕಿಂತ ಗಂಭೀರವಾದ ಮಾತು ಒಂದಿದೆ. ಈ ಊರಿನಲ್ಲಿ ತೋಟವೆಂಬುದನ್ನು ಮಾಡಿ ತೋರಿಸಿದವರು ತಿಗಳರು. ಕರಗ ಹೊರುವ ಆ ಸಮುದಾಯ ಕೆರೆಗಳ ಕೆಳಗೆ ಹೂವು, ತರಕಾರಿ, ಸೊಪ್ಪು ಬೆಳೆದು ಪೇಟೆಗೆ ತಂದಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಅವುಗಳ ನೀರು ನಂಬಿದ ತೋಟಗಳು ಮಾಯವಾದವು. ಅವುಗಳನ್ನು ಕಾಪಾಡಲು ‘ಉದ್ಯಾನನಗರಿ’ ಎಂಬ ಬಿರುದು ಕೆಲಸಕ್ಕೆ ಬರಲಿಲ್ಲ. ಅವು ಖಾಸಗಿ ದುಡಿಮೆಯ ನೆಲಗಳು. ಸಾರ್ವಜನಿಕ ಉದ್ಯಾನವನ್ನು ಕಾಯುವ ಕಾನೂನಿಗೆ ಅವು ಕಾಣಿಸಲೇ ಇಲ್ಲ. ಹೊಸ ರೂಪ ಪಡೆದ ಕೆರೆಗಳಲ್ಲಿ ನಡೆದಾಡುವ ಹಾದಿ ಬಂದು, ದನ ಮೇಯಿಸುವವರೂ ಬಟ್ಟೆ ಒಗೆಯುವವರೂ ಹೊರಗುಳಿದ ಬಗೆಯನ್ನು ಹರಿಣಿ ನಾಗೇಂದ್ರ ಮತ್ತು ಸಹಸಂಶೋಧಕರು ದಾಖಲಿಸಿದ್ದಾರೆ. ಹಕ್ಕೊತ್ತಾಯವಾಗಿ ಬದಲಾದ ಬಿರುದು ಎಲ್ಲರ ಹಕ್ಕನ್ನೂ ಹೊತ್ತು ನಡೆಯುವುದಿಲ್ಲ. ನಾನು ‘ಎಲ್ಲರಿಗೂ ಸಮಾನವಾಗಿ ಸಲ್ಲುವ’ ಎಂದು ಬರೆದ ಷರತ್ತಿನ ಅತಿ ದುರ್ಬಲ ಜಾಗ ಇದೇ.

ಎರಡು ಪ್ರಶ್ನೆಗಳು ಉಳಿಯುತ್ತವೆ. 2007ರಲ್ಲಿ ನಗರಕ್ಕೆ ಸೇರಿದ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳ ಹೊಸ ಬಡಾವಣೆಗಳಲ್ಲಿ ಸಾಲುಮರವೇ ವಿರಳ. ಅಲ್ಲಿ ಬೆಳೆದ ತಲೆಮಾರಿಗೆ ಉದ್ಯಾನನಗರಿಯ ಬಿರುದಿನ ಮೇಲೆ ಅದೇ ಒಡೆತನದ ಭಾವ ಇದೆಯೇ ಎಂಬುದು ಮೊದಲನೆಯದು. 2023ರ ಸಲಹೆಗಳನ್ನು ವಾರ್ಡುವಾರು ವಿಂಗಡಿಸಿ ಓದುವುದರಿಂದ ಇದಕ್ಕೆ ಉತ್ತರದ ಒಂದು ತುದಿಯಾದರೂ ಸಿಕ್ಕೀತು. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ 2025ರಲ್ಲಿ ನಗರ ಐದು ಪಾಲಿಕೆಗಳಾಗಿ ಹಂಚಿಹೋದ ಮೇಲೆ, ಒಂದೇ ಬಿರುದನ್ನು ಹಿಡಿದು ಯಾವ ಪಾಲಿಕೆಯನ್ನು ಕೇಳಬೇಕು ಎಂಬುದು ಎರಡನೆಯದು. ಮರ ಕಡಿಯುವ ಮುಂದಿನ ದೊಡ್ಡ ಪ್ರಕಟಣೆ ಎರಡು ಪಾಲಿಕೆಗಳ ಗಡಿಯಲ್ಲಿ ಹೊರಟಾಗ ಅದನ್ನು ಪರಿಶೀಲಿಸಲು ಅವಕಾಶ ದೊರೆಯಬಹುದು.