ಇಪ್ಪತ್ತೈದನೆಯ ಬಾಗಿಲು

ಕ್ಲೌಡ್ ಸೇವೆಯಲ್ಲಿ ಬಾಡಿಗೆಗೆ ಪಡೆದ ಸರ್ವರ್‌ನಿಂದ ಇಮೇಲ್ ಕಳುಹಿಸಲು ಹೊರಟವರಿಗೆ ಮೊದಲು ಎದುರಾಗುವುದು ಬಹುಮಟ್ಟಿಗೆ ಒಂದು ಮೌನ. ಯಂತ್ರ ಕಾಯುತ್ತದೆ, ಮತ್ತೂ ಕಾಯುತ್ತದೆ, ಕೊನೆಗೆ ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಕೈಚೆಲ್ಲುತ್ತದೆ. ಹೊರನಾಡಿನ ಸಂಘಗಳ ಆಮಂತ್ರಣಗಳೂ ಈಗ ಇಮೇಲಿನಲ್ಲೇ ಹೋಗುವುದರಿಂದ ಈ ಮೌನ ನಮ್ಮಲ್ಲಿ ಕೆಲವರಿಗಾದರೂ ಪರಿಚಿತ. ಏನೋ ಕೆಟ್ಟಿದೆ ಎಂದು ಭಾವಿಸುವುದು ಸಹಜ. ಆದರೆ ಅನೇಕ ಸಲ ಅದು ಬೇಕೆಂದೇ ಮುಚ್ಚಿದ ಬಾಗಿಲು, ಮುಚ್ಚಿದ್ದಕ್ಕೊಂದು ಚರಿತ್ರೆಯಿದೆ.

1982ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಜಾನ್ ಪೋಸ್ಟೆಲ್ ಎಸ್‌ಎಂಟಿಪಿ ಎಂಬ ಅಂಚೆ ನಿಯಮಾವಳಿಯನ್ನು ಪ್ರಕಟಿಸಿದರು. ಪತ್ರ ಸ್ವೀಕರಿಸುವ ಬಾಗಿಲಿಗೆ, ಎಂದರೆ ಪೋರ್ಟ್‌ಗೆ, 25 ಎಂಬ ಸಂಖ್ಯೆ. ಅಲ್ಲಿನ ಸಂಭಾಷಣೆ ಜಗುಲಿಯ ಮಾತಿನಷ್ಟೇ ಸರಳ. ಬಂದ ಯಂತ್ರ ‘ಹೆಲೋ’ ಎಂದು ತನ್ನ ಹೆಸರು ಹೇಳುತ್ತದೆ. ಮನೆಯ ಯಂತ್ರ ‘250’ ಎಂದು ಒಪ್ಪಿಕೊಳ್ಳುತ್ತದೆ. ಆ ಹೆಸರು ನಿಜವೇ ಎಂದು ವಿಚಾರಿಸುವ ಪದ್ಧತಿಯೇ ಇರಲಿಲ್ಲ. ಗುರುತಿಲ್ಲದವರ ಪತ್ರವನ್ನೂ ಮುಂದಿನ ಊರಿಗೆ ದಾಟಿಸುವುದು ಅಂದಿನ ನೆರೆಹೊರೆಯ ಸೌಜನ್ಯ. ಜಾಲದಲ್ಲಿದ್ದವರು ಹೆಚ್ಚಾಗಿ ವಿಶ್ವವಿದ್ಯಾಲಯಗಳ, ಸಂಶೋಧನಾಲಯಗಳ ಜನ.

ಅಪಾಯದ ಸೂಚನೆ ಅದಕ್ಕೂ ಮೊದಲೇ ದೊರೆತಿತ್ತು. 1978ರ ಮೇ ತಿಂಗಳಲ್ಲಿ ಗ್ಯಾರಿ ಥುರ್ಕ್ ಎಂಬ ಮಾರಾಟಗಾರ ತನ್ನ ಕಂಪನಿಯ ಕಂಪ್ಯೂಟರುಗಳ ಜಾಹೀರಾತನ್ನು ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಮ್ಮೆಗೇ ಕಳುಹಿಸಿದ್ದ. ಬೈಗುಳಗಳು ಬಂದವು, ಮಾರಾಟವೂ ಆಯಿತಂತೆ. ಆದರೂ ನಿಯಮಾವಳಿ ನಂಬಿಕೆಯ ಮೇಲೆಯೇ ನಿಂತಿತು. ಇದಕ್ಕಾಗಿ ಪೋಸ್ಟೆಲರನ್ನು ದೂರಲು ನಮಗೆ ಮನಸ್ಸಾಗದು. ಕಳ್ಳರ ಭಯದಿಂದಲೇ ಊರು ಕಟ್ಟಹೊರಟವನು ಊರನ್ನು ಕಟ್ಟಿಯಾನೇ?

ತೊಂಬತ್ತರ ದಶಕದಲ್ಲಿ ವ್ಯಾಪಾರಿಗಳು ಜಾಲಕ್ಕೆ ಬಂದ ಮೇಲೆ ಆ ಸೌಜನ್ಯವೇ ಮುಳುವಾಯಿತು. ಕಂಡವರ ಯಂತ್ರಗಳ ಮೂಲಕ ಕಸದಂಚೆ ಹರಿಯಿತು. 1998ರ ಡಿಸೆಂಬರಿನಲ್ಲಿ ಪತ್ರ ಒಪ್ಪಿಸಲೆಂದೇ 587 ಎಂಬ ಬೇರೆ ಬಾಗಿಲು ಬಂತು. 1999ರಲ್ಲಿ ಗುರುತು ತೋರಿಸುವ ವಿಧಾನವೂ ಸೇರಿತು. ಸರ್ವರ್‌ಗಳು ತಮ್ಮೊಳಗೆ ಪತ್ರ ಸಾಗಿಸಲು ಇಂದಿಗೂ 25 ಇದೆ, ಪ್ರಜೆಗಳಿಗೆ 587.

2006ರಲ್ಲಿ ಅಮೆಜಾನ್ ಯಂತ್ರಗಳನ್ನು ಗಂಟೆಗಿಷ್ಟೆಂದು ಬಾಡಿಗೆಗೆ ಕೊಡತೊಡಗಿತು. ಕಸದಂಚೆಯವರಿಗೆ ಇದಕ್ಕಿಂತ ಅಗ್ಗದ ಛತ್ರ ಬೇಕೆ? ಬಂದು, ಲಕ್ಷಗಟ್ಟಲೆ ಪತ್ರ ಎಸೆದು ಹೋಗಬಹುದು. ಕಪ್ಪುಪಟ್ಟಿಗೆ ಸೇರುವುದು ಆ ವಿಳಾಸ, ಮರುದಿನ ಅಲ್ಲಿಗೆ ಬರುವವನು ನಿರಪರಾಧಿ. ಆದ್ದರಿಂದ ದೊಡ್ಡ ಕ್ಲೌಡ್ ಸೇವೆಗಳು 25ರ ಮೂಲಕ ಹೊರಹೋಗುವ ದಾರಿಯನ್ನೇ ನಿರ್ಬಂಧಿಸಿದವು. 2011ರಲ್ಲಿ ಅಮೆಜಾನ್ ಪತ್ರ ರವಾನೆಗೆಂದೇ ಪ್ರತ್ಯೇಕ ಸೇವೆಯನ್ನು ತೆರೆಯಿತು, ಕಾಸು ತೆಗೆದುಕೊಂಡೇ. ತನ್ನ ಅಂಚೆಯನ್ನು ತಾನೇ ಸಾಗಿಸುವ ಸ್ವಾತಂತ್ರ್ಯ ಹೀಗೆ ಚಿಕ್ಕವರ ಕೈತಪ್ಪಿ ಕೆಲವೇ ದೊಡ್ಡ ಮನೆಗಳ ಪಾಲಾದುದು ನಮಗೆ ಸಣ್ಣ ನಷ್ಟವೆಂದು ತೋರುವುದಿಲ್ಲ.

ಈ ಹಿನ್ನೆಲೆ ತಿಳಿದರೆ ರೋಗಲಕ್ಷಣಗಳನ್ನು ಓದುವುದು ಸುಲಭ. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಸಾಮಾನ್ಯವಾಗಿ ಮನೆಯವರೆಗೆ ತಲುಪಿದ್ದೇವೆ, ಆ ಬಾಗಿಲಲ್ಲಿ ಯಾರೂ ಇಲ್ಲ. ಬರೀ ಮೌನವಾದರೆ ನಡುವೆ ಗೋಡೆಯಿರುವ ಸಂಭವವೇ ಹೆಚ್ಚು. 25 ಬಿಟ್ಟು 587ನ್ನು ತಟ್ಟಬೇಕು. ‘535’ ಬಂದರೆ ದಾರಿ ಸರಿಯಿದೆ, ಗುಪ್ತಪದ ತಪ್ಪಿದೆ.

ಇನ್ನೊಂದು ಬಗೆಯ ಮೌನವೂ ಉಂಟು. 465 ಎಂಬ ಬಾಗಿಲು ತೊಂಬತ್ತರ ದಶಕದಲ್ಲೇ ಬಂದು, ಅಧಿಕೃತ ಮಾನ್ಯತೆ ಕಳೆದುಕೊಂಡು, 2018ರಲ್ಲಿ ಮರಳಿ ಮಾನ್ಯವಾಯಿತು. ಅಲ್ಲಿ ಮೊದಲ ಮಾತಿನಿಂದಲೇ ಗೂಢಲಿಪಿ ಬೇಕು. 587ರ ಅಭ್ಯಾಸದಲ್ಲಿ ಅಲ್ಲಿಗೆ ಹೋದ ಯಂತ್ರ ಸ್ವಾಗತಕ್ಕಾಗಿ ಕಾಯುತ್ತದೆ. ಸರ್ವರ್ ಅತಿಥಿಯ ಗೂಢಲಿಪಿಗಾಗಿ ಕಾಯುತ್ತದೆ. ‘ಮೊದಲು ನೀವು, ಮೊದಲು ನೀವು’ ಎನ್ನುತ್ತ ರೈಲು ತಪ್ಪಿಸಿಕೊಂಡ ಲಖನೌದ ನವಾಬರ ಕಥೆಯನ್ನು ದೆಹಲಿಯ ನಮ್ಮ ಓದುಗರು ಕೇಳಿಯೇ ಇರುತ್ತಾರೆ.